ಕಿರ್ಗಿಜ್ ಗುಡಾರದತ್ತ ನಾಗಾಲೋಟ

ಅಮೃತಹಳ್ಳಿ

“ಕುದುರೆ ನೋಡೋಕೆ ಅಷ್ಟು ದೂರ ಹೋಗ್ಬೇಕೇನೇ? ಹೆಬ್ಬಾಳದ ಫ್ಲೈಓವರ್ ಕೆಳಗೆ ಮದುವೆ ಕುದುರೆ ನಿಂತಿರ್ತವಲ್ಲ, ಅದನ್ನೇ ನೋಡ್ಕೊಂಡು ಬಾ” ಎಂದ ನಮ್ಮಣ್ಣ. ಕಿರ್ಗಿಸ್ತಾನಕ್ಕೆ ಹೊರಟವಳಿಗೆ ಮನೆಯಲ್ಲಿ ಸಿಕ್ಕ ಮಂಗಳಾರತಿ ಇದು.

ಅವನದು ತಪ್ಪು ಅಂತಲೂ ಹೇಳಲಾರೆ. ಅಮೃತಹಳ್ಳಿಯ ನಮ್ಮ ಮನೆಯಲ್ಲಿ ಮೊದಲು ಎತ್ತು ಎಮ್ಮೆ ಇದ್ದವು, ಆಮೇಲೆ ಟ್ರ್ಯಾಕ್ಟರು ಬಂತು, ಏರ್‌ಪೋರ್ಟ್ ರಸ್ತೆ ಆದ ಮೇಲೆ ಬಾಡಿಗೆ ಮನೆಗಳು ಬಂದವು. ಕುದುರೆ ಮಾತ್ರ ನಮ್ಮ ಏಳು ತಲೆಮಾರಿನಲ್ಲಿ ಯಾರ ಬಾಗಿಲಲ್ಲೂ ನಿಂತಿರಲಿಲ್ಲ. ಬಾಗಲೂರು ಕಡೆ ನನ್ನ ಪಾಲಿಗೆ ಬಂದ ತುಂಡು ಜಮೀನಿನಲ್ಲಿ ಎಲ್ಲರೂ ಬಿಲ್ಡಿಂಗ್ ಎಬ್ಬಿಸು ಎಂದರು, ನಾನು ಲಾಯ ಕಟ್ಟಿದೆ. ರೇಸಿನಲ್ಲಿ ಓಡಿ ಸಾಕಾದ ಕುದುರೆಗಳನ್ನು ತಂದು, ಪಳಗಿಸಿ, ಯಲಹಂಕ ಜಕ್ಕೂರಿನ ಮಕ್ಕಳಿಗೆ ಸವಾರಿ ಕಲಿಸುತ್ತಾ ಹತ್ತು ಹನ್ನೆರಡು ವರ್ಷ ಬದುಕಿದೆ. ನಡುವೆ ಮದುವೆ ಅಂತ ಒಂದಾಯಿತು, ಅದು ನಿಲ್ಲಲಿಲ್ಲ, ಕುದುರೆಗಳು ನಿಂತವು. ಏರಿಯಾದಲ್ಲಿ ನನಗೆ ‘ಕುದುರೆ ಶೈಲಾ’ ಎಂದೇ ಹೆಸರು.

ಕಳೆದ ವರ್ಷ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ನಾಗಾಲೋಟದಲ್ಲಿ ಹೋಗುತ್ತಿದ್ದಾಗ ದಿಬ್ಬದಾಚೆಯಿಂದ ಒಂದು ಬೈಕು ಎದ್ದು ಬಂತು. ಕುದುರೆ ಪಕ್ಕಕ್ಕೆ ಹಾರಿತು, ನಾನು ನೇರ ಹೋದೆ. ಭುಜದ ಮೂಳೆ ಮುರಿಯಿತು, ಎರಡು ಪಕ್ಕೆಲುಬು ಬಿರುಕು ಬಿಟ್ಟವು. ಅವೆಲ್ಲ ಕೂಡಿಕೊಂಡವು. ಆದರೆ ಅವತ್ತಿನಿಂದ ಕುದುರೆ ಕತ್ತು ಮುಂದೆ ಚಾಚಿದರೆ ಸಾಕು, ನನ್ನ ಬೆರಳುಗಳು ನನ್ನನ್ನು ಕೇಳದೆಯೇ ಲಗಾಮು ಬಿಗಿಯುತ್ತಿದ್ದವು. ಹತ್ತುತ್ತಿದ್ದೆ, ನಡೆಸುತ್ತಿದ್ದೆ, ಅದಕ್ಕಿಂತ ಮುಂದೆ ಹೋಗಲು ಆಗುತ್ತಿರಲಿಲ್ಲ. ನೆಲದ ಮೇಲೆ ನಿಂತು ಮಕ್ಕಳಿಗೆ “ಹೆದರ್ಬೇಡ, ಕೈ ಸಡಿಲ ಬಿಡು” ಎಂದು ಕೂಗುತ್ತಿದ್ದೆ. ಓಡಿಸಿ ತೋರಿಸಿ ಮಿಸ್ ಎಂದು ಮಕ್ಕಳು ಕೇಳಿದರೆ ಭುಜ ಮುಟ್ಟಿಕೊಂಡು ತೋರಿಸುತ್ತಿದ್ದೆ. ದೊಡ್ಡ ಮಕ್ಕಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು.

ನಮ್ಮಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಓಡ್ಸಕ್ಕಾಗ್ದಿದ್ ಮ್ಯಾಲೆ ಕಟ್ಕಂಡು ಪೂಜೆ ಮಾಡ್ತೀಯೇನೇ? ದೊಡ್ಡಬಳ್ಳಾಪುರ ರಸ್ತೆ ರೆಸಾರ್ಟ್‌ನೋರು ಅಷ್ಟೂ ಕುದ್ರೆ ತಗಂಡೋಯ್ತೀವಿ ಅಂತಾವ್ರೆ. ಕೊಟ್ಬುಟ್ಟು ನೆಮ್ಮದಿಯಾಗಿರು.”

ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು, ಯಾಕೆಂದರೆ ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಒಂದು ತಿಂಗಳು ಸಮಯ ಕೊಡು ಎಂದೆ. ಹಳೆಯ ಶಿಷ್ಯೆಯೊಬ್ಬಳು ಕಿರ್ಗಿಸ್ತಾನಕ್ಕೆ ಚಾರಣ ಹೋದಾಗ ಅಲ್ಲಿನ ಕುಟುಂಬವೊಂದರ ಜೊತೆ ಉಳಿದುಕೊಂಡಿದ್ದಳು. ಬೇಸಿಗೆಯಲ್ಲಿ ಕುದುರೆ ಕೆಲಸಕ್ಕೆ ಕೈ ಜೋಡಿಸಿದರೆ ಊಟ ಹಾಸಿಗೆ ಕೊಡುತ್ತಾರಂತೆ. ನನ್ನ ಗುರುತು ಯಾರಿಗೂ ಇಲ್ಲದ ಕಡೆ, ಅಪಾರ್ಟ್‌ಮೆಂಟುಗಳಿಲ್ಲದ ಬಯಲಿನಲ್ಲಿ ಒಮ್ಮೆ ಓಡಿಸಿ ನೋಡುತ್ತೇನೆ, ಅಲ್ಲೂ ಆಗದಿದ್ದರೆ ರೆಸಾರ್ಟಿನವರು ಬಂದಾಗ ಹೂಂ ಅಂದುಬಿಡು ಎಂದು ಅಮ್ಮನಿಗೆ ಮಾತು ಕೊಟ್ಟು ಹೊರಟೆ.

ಬಿಷ್ಕೆಕ್‌ನಿಂದ ಮೇಲಕ್ಕೆ

ಬಿಷ್ಕೆಕ್ ವಿಮಾನ ನಿಲ್ದಾಣದಲ್ಲಿ ನನ್ನ ಹೆಲ್ಮೆಟ್ಟು, ಬೂಟು ಯಾರ ಕಣ್ಣಿಗೂ ಬೀಳಲಿಲ್ಲ. ಸಿಕ್ಕಿಬಿದ್ದದ್ದು ರಾಗಿ ಹುರಿಹಿಟ್ಟು. ಅಧಿಕಾರಿ ಪೊಟ್ಟಣ ಬಿಚ್ಚಿ ಮೂಸಿದ, ಒಂದು ಚಿಟಿಕೆ ಮೂಗಿಗೇ ಹೋಯಿತು, ಸೀನಿದ, ಇನ್ನೊಬ್ಬನನ್ನು ಕರೆದು ಅವನಿಗೂ ಮೂಸಿಸಿದ. ನಾನು ಒಂದು ಚಮಚ ಬಾಯಿಗೆ ಹಾಕಿಕೊಂಡು ತೋರಿಸಿದೆ. ನೀರಿಲ್ಲದ ಹುರಿಹಿಟ್ಟು ಗಂಟಲಿಗೆ ಅಂಟಿ ನಾನು ಕೆಮ್ಮುವುದನ್ನು ನೋಡಿ ಇಬ್ಬರೂ ಗಾಬರಿಯಾಗಿ ಹೋಗು ಹೋಗು ಎಂದು ಕಳಿಸಿದರು.

ಹೊರಗೆ ಐಜದಾ ಕಾಯುತ್ತಿದ್ದಳು. ಆ ಮನೆಯ ಸೊಸೆ, ಊರಿನ ಶಾಲೆಯಲ್ಲಿ ಇಂಗ್ಲಿಷ್ ಟೀಚರು, ತುಂಬು ಬಸುರಿ. ಅಂಥ ಹೊಟ್ಟೆ ಹೊತ್ತುಕೊಂಡು ಯಾಕಮ್ಮಾ ಬಂದೆ ಎಂದರೆ, “ಇಡೀ ಮನೆಯಲ್ಲಿ ನಿಮ್ಮ ಜೊತೆ ಮಾತಾಡಬಲ್ಲವಳು ನಾನೊಬ್ಬಳೇ” ಎಂದು ನಕ್ಕಳು. ಅವಳು ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದಳು, ನಾನು ಮುಂದೆ ಡ್ರೈವರಿನ ಎಡಕ್ಕೆ ಕೂತೆ.

ಆ ದೇಶದಲ್ಲಿ ವಾಹನ ಓಡುವುದು ರಸ್ತೆಯ ಬಲಕ್ಕೆ. ಆದರೆ ಜಪಾನಿನಿಂದ ತಂದ ಹಳೆಯ ಕಾರುಗಳು ಬಹಳ, ಅವುಗಳ ಸ್ಟೇರಿಂಗೂ ಬಲಕ್ಕೇ. ಅಂದರೆ ಮುಂದಿನ ಲಾರಿಯನ್ನು ಹಿಂದೆ ಹಾಕಬೇಕಾದರೆ ಎದುರಿಗೆ ಏನು ಬರುತ್ತಿದೆ ಎಂದು ಡ್ರೈವರಿಗೆ ಕಾಣುವುದೇ ಇಲ್ಲ, ಎಡಗಡೆ ಕೂತವರು ನೋಡಿ ಹೇಳಬೇಕು. ಒಂದು ಕಡೆ ಪ್ರಪಾತ, ಇನ್ನೊಂದು ಕಡೆ ಬಂಡೆ, ನಡುವೆ ಕೈಸನ್ನೆಯಲ್ಲಿ ನನ್ನನ್ನು ಕೇಳುತ್ತಾನೆ ಪುಣ್ಯಾತ್ಮ: ಹೋಗಲಾ? ನಾನು ಬೇಡ ಎಂದೆ. ಮತ್ತೆ ಕೇಳಿದ, ಮತ್ತೆ ಬೇಡ ಎಂದೆ. ರಸ್ತೆ ಖಾಲಿಯಿದ್ದಾಗಲೂ ನನ್ನ ಬಾಯಿಂದ ಹೂಂ ಹೊರಡಲಿಲ್ಲ. ಕಲ್ಲಿದ್ದಲು ಲಾರಿಯೊಂದರ ಹೊಗೆ ಕುಡಿಯುತ್ತಾ ಅರ್ಧ ಬೆಟ್ಟ ಹತ್ತಿದೆವು. ಕೊನೆಗೆ ಐಜದಾ ಹಿಂದಿನಿಂದ ಎದ್ದು ಕೂತು, ಇಣುಕಿ ನೋಡಿ, ಅವಳ ಭಾಷೆಯಲ್ಲಿ ಹೋಗು ಎಂದಳು. ಡ್ರೈವರು ನನ್ನ ಕಡೆ ನೋಡಿದ ನೋಟವಿದೆಯಲ್ಲ, ಮಾನ ಹೋಯಿತು.

ಬೇಸಿಗೆಯ ಹುಲ್ಲುಗಾವಲು

ಬೇಸಿಗೆ ಬಂದರೆ ಆ ಜನ ಊರು ಬಿಟ್ಟು ಕುದುರೆ, ಕುರಿ, ಗುಡಾರ ಎಲ್ಲ ಕಟ್ಟಿಕೊಂಡು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಬರುತ್ತಾರೆ. ಉಣ್ಣೆಯ ದಪ್ಪ ಕಂಬಳಿ ಹೊದಿಸಿದ ದುಂಡಗಿನ ಗುಡಾರ, ಮುಂದೆ ಒಂದು ತೊರೆ, ತೊರೆಯಾಚೆ ಕಣ್ಣು ಹೋದಷ್ಟೂ ಹುಲ್ಲು. ಮರ ಎಂಬುದು ಹಲ್ಲು ಚುಚ್ಚಲೂ ಇಲ್ಲ. ಮನೆಯ ಯಜಮಾನಿ ಗುಲ್ನಾರ. ಎಲ್ಲರೂ ಆಕೆಯನ್ನು ಅಪಾ ಎನ್ನುತ್ತಿದ್ದರು, ಅವರಲ್ಲಿ ಹಾಗೆಂದರೆ ಅಮ್ಮ. ಗಂಡ ತೀರಿಕೊಂಡು ಬಹಳ ವರ್ಷವಾಗಿದೆ. ಒಬ್ಬನೇ ಮಗ ಬಕಿತ್, ಐಜದಾಳ ಗಂಡ. ಮಾತು ಕಡಿಮೆ, ನೆಲದ ಮೇಲೆ ನಡೆಯುವಾಗ ಸ್ವಲ್ಪ ತಡವರಿಸುತ್ತಾನೆ, ಕುದುರೆ ಮೇಲೆ ಕೂತರೆ ಹುಟ್ಟಿದ್ದೇ ಅಲ್ಲಿ ಎಂಬಂತಿರುತ್ತಾನೆ.

ಅವರ ಕುದುರೆಗಳಿಗೆ ಹೆಸರೇ ಇಲ್ಲ. ನನ್ನ ಲಾಯದಲ್ಲಿ ಒಬ್ಬಳು ಸಾವಿತ್ರಿ, ಒಬ್ಬ ರಾಕೆಟ್ಟು. ಇಲ್ಲಿ ಬಣ್ಣ ಕೂಗಿದರೆ ಮುಗಿಯಿತು. ಬಕಿತನದು ಬೂದು, ನನಗೆ ಕೊಟ್ಟದ್ದು ಕೆಂಚು ಬಣ್ಣದ ಹೆಣ್ಣು, ಜೇರ್ದೆ ಎಂದರೆ ಅವರಲ್ಲಿ ಅದೇ ಬಣ್ಣ. ಹೆಣ್ಣು ಕುದುರೆಗಳ ಹಾಲು ಕರೆದು ಹುಳಿ ಬರಿಸಿ ಕುಡಿಯುತ್ತಾರೆ. ಅಪಾ ಒಂದು ಮಂಡಿ ಊರಿ, ತೋಳಿಗೆ ಬಕೆಟ್ಟು ನೇತುಹಾಕಿಕೊಂಡು ಕರೆಯುತ್ತಿದ್ದಳು. ಮೊದಲು ಮರಿಗೆ ಕುಡಿಯಲು ಬಿಡುವುದು, ಕೆಚ್ಚಲಿಗೆ ಹಾಲು ಇಳಿದ ಮೇಲೆ ಮರಿಯನ್ನು ಸರಿಸುವುದು, ಥೇಟ್ ನಮ್ಮ ಹಟ್ಟಿಯಲ್ಲಿ ಕರು ಬಿಟ್ಟ ಹಾಗೆಯೇ. ನಾನೂ ಕೂತೆ. ಅದು ಒದ್ದ ಒದೆಗೆ ಬಕೆಟ್ಟು ತೊರೆಗೆ ಹೋಯಿತು, ನಾನು ಸಗಣಿಗೆ.

ಒಂದು ದಿನ ಬಟ್ಟಲಿನಲ್ಲಿ ಬಂದ ಮಾಂಸ ಯಾವುದೆಂದು ಕೇಳಿದೆ. ಐಜದಾ ಹೊರಗೆ ಮೇಯುತ್ತಿದ್ದ ಹಿಂಡಿನ ಕಡೆ ಗದ್ದ ಎತ್ತಿದಳು. ನಾವು ಮಾಂಸ ತಿನ್ನುವ ಜನವೇ, ಆದರೂ ಬಟ್ಟಲು ಕೆಳಗಿಟ್ಟೆ. ಅಪಾಗೆ ಅರ್ಥವಾಯಿತು. ಸೊಸೆಯ ಬಾಯಲ್ಲಿ ಕೇಳಿಸಿದಳು: ನಿಮ್ಮಲ್ಲಿ ಕುದುರೆಗೆ ವಯಸ್ಸಾದರೆ ಏನು ಮಾಡುತ್ತೀರಿ? ನನಗೆ ಯಶವಂತಪುರದ ರಸ್ತೆಯಲ್ಲಿ ಕಸ ಮೇಯುತ್ತಾ ನಿಂತಿದ್ದ, ಪಕ್ಕೆಲುಬು ಎದ್ದು ಕಾಣುವ ಕುದುರೆಯೊಂದು ನೆನಪಾಯಿತು. ಆಕೆ ನನ್ನ ಬಟ್ಟಲಿನಿಂದ ಮಾಂಸ ತೆಗೆದು ಆಲೂಗಡ್ಡೆ ಹಾಕಿಕೊಟ್ಟಳು.

ಇದೆಲ್ಲ ಸರಿ, ಬಂದ ಕೆಲಸ ಆಗಲೇ ಇಲ್ಲ. ಬಕಿತ್ ಒಂದು ಬೆಳಗ್ಗೆ ನನ್ನನ್ನು ಹಿಂಡಿನ ಹಿಂದೆ ಕರೆದುಕೊಂಡು ಹೋದ. ಬೂದು ಕುದುರೆ ಜಿಗಿಯಿತು, ಜೇರ್ದೆಯೂ ಜಿಗಿಯಿತು, ನಾನು ಲಗಾಮು ಜಗ್ಗಿದೆ. ಅದು ಬಾಯಿ ತೆರೆದು, ತಲೆ ಎತ್ತಿ, ಸುತ್ತು ಹೊಡೆದು ನಿಂತಿತು. ಬಕಿತ್ ವಾಪಸು ಬಂದು ಕುದುರೆಯ ತುಟಿ ಎತ್ತಿ ನೋಡಿ ಮತ್ತೆ ಹಿಂಡಿನ ಕಡೆ ಹೋದ. ಸಂಜೆ ಅಪಾ ನನ್ನ ಕಡೆ ನೋಡಿ ಸೊಸೆಯನ್ನು ಏನೋ ಕೇಳಿದಳು, ಅವಳನ್ನು ಒತ್ತಾಯಿಸಿದ ಮೇಲೆ ತಿಳಿಯಿತು: ಇವಳು ನಿಜವಾಗಿಯೂ ಕುದುರೆ ಶಾಲೆ ನಡೆಸುತ್ತಾಳಾ? ಅದನ್ನು ಹೇಳುವಾಗ ಐಜದಾ ಕೆಂಪಾದಳು. ನಾನು ತೊರೆಗೆ ಹೋಗಿ ಮುಖ ತೊಳೆಯುವ ನೆಪದಲ್ಲಿ ಅತ್ತೆ. ದಿನಗಳು ಕರಗುತ್ತಿದ್ದವು, ಅಲ್ಲಿ ಬೆಂಗಳೂರಿನಲ್ಲಿ ರೆಸಾರ್ಟಿನವರು ಬರುವ ವಾರ ಹತ್ತಿರವಾಗುತ್ತಿತ್ತು.

ಒಂದನ್ನು ಮಾತ್ರ ಮೆಚ್ಚಿಕೊಂಡಿದ್ದೆ. ಬಕಿತ್ ಎಷ್ಟೇ ಜೋರಾಗಿ ಬರಲಿ, ತೊರೆ ದಾಟಿದ ಮೇಲೆ ಕುದುರೆಯನ್ನು ನಡಿಗೆಗೆ ಇಳಿಸುತ್ತಿದ್ದ. ಪಕ್ಕದ ಕಣಿವೆಯವರು ಬಂದರೂ ಹಾಗೆಯೇ. ಕೊನೆಯ ಫರ್ಲಾಂಗು ನಡೆಸಿ ಬೆವರು ಆರಿಸಿ ಎಂದು ನಾನೂ ಮಕ್ಕಳಿಗೆ ಬಾಯಿ ಬಡಿದುಕೊಳ್ಳುತ್ತೇನಲ್ಲ! ಇವರು ಕುದುರೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದುಕೊಂಡೆ. ಅದರಲ್ಲಿ ಬೇರೆ ಏನಾದರೂ ಇರಬಹುದು ಅಂತ ಯೋಚಿಸಲೂ ಇಲ್ಲ.

ಹಿಮ ಬಿದ್ದ ಮರುದಿನ

ಮರಿ ಇಲ್ಲದ ಕೆಲವು ಕುದುರೆಗಳು ಬೆಟ್ಟದ ಆಚೆ ಇಳಿದುಬಿಟ್ಟಿದ್ದವು. ಅವನ್ನು ತರಲು ಬಕಿತ್ ಬೆಳಗ್ಗೆ ಹೋದ. ಮಧ್ಯಾಹ್ನ ಮೋಡ ಕವಿದು, ಬೇಸಿಗೆ ಇನ್ನೂ ಮುಗಿಯದ ಆ ದಿನದಲ್ಲಿ ಹಿಮ ಸುರಿಯಿತು. ಸಂಜೆಗೆ ಅವನು ಬರಲಿಲ್ಲ. ರಾತ್ರಿ ಯಾರೂ ಮಲಗಲಿಲ್ಲ. ಬೆಳಕು ಹರಿಯುತ್ತಲೇ ತೊರೆಯ ಕೆಳಗಿನ ಗುಡಾರದ ಇಬ್ಬರು ಗಂಡಸರು ಹುಡುಕಿಕೊಂಡು ಬೆಟ್ಟ ಹತ್ತಿದರು.

ಅಪಾ ಎಂದಿನಂತೆ ಹಾಲು ಕರೆದಳು, ಒಲೆ ಹಚ್ಚಿದಳು, ರೊಟ್ಟಿ ತಟ್ಟಿದಳು. ಐಜದಾ ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡು ಕೂತು ಬೆಟ್ಟವನ್ನೇ ನೋಡುತ್ತಿದ್ದಳು. ನಾನು ಚಹಾ ಮಾಡಿಕೊಟ್ಟೆ, ಕುಡಿಯಲಿಲ್ಲ.

ಬಿಸಿಲು ಏರಿದಾಗ ಬೂದು ಕುದುರೆ ಬಂತು. ಒಂಟಿಯಾಗಿ ಬಂತು. ಜೀನು ಹೊಟ್ಟೆಯ ಕೆಳಕ್ಕೆ ಜಾರಿತ್ತು, ಲಗಾಮು ತುಂಡಾಗಿತ್ತು, ಮೊಣಕಾಲಿನ ಚರ್ಮ ಸುಲಿದು ರಕ್ತ ಹೆಪ್ಪುಗಟ್ಟಿತ್ತು. ಕುದುರೆಗಳ ನಡುವೆ ಬದುಕಿದವರಿಗೆ ಖಾಲಿ ಜೀನು ಏನು ಹೇಳುತ್ತದೆ ಎಂದು ವಿವರಿಸಬೇಕಿಲ್ಲ. ಅಪಾ ಅದರ ಹತ್ತಿರ ಹೋಗಿ ಜೀನು ಬಿಚ್ಚಿದಳು, ಮೊಣಕಾಲು ಮುಟ್ಟಿ ನೋಡಿದಳು. ಆಮೇಲೆ ಜೇರ್ದೆಯನ್ನು ತಂದು ಜೀನು ಬಿಗಿದು, ಲಗಾಮನ್ನು ನನ್ನ ಮುಂದೆ ಹಿಡಿದಳು.

“ಬಸುರಿಯೊಬ್ಬಳನ್ನೇ ಬಿಟ್ಟು ನಾನು ಹೋಗಲಾರೆ ಅಂತಿದ್ದಾರೆ” ಎಂದಳು ಐಜದಾ. “ಬೆಟ್ಟದ ನೆತ್ತಿಯವರೆಗೆ ಹೋಗಿ ಆಚೆ ಏನಾದರೂ ಕಾಣುತ್ತದಾ ನೋಡಿ ಬರ್ತೀರಾ? ನೀವು ಹೋಗದಿದ್ದರೂ ಬೇಜಾರಿಲ್ಲ ಅಂತಿದ್ದಾರೆ.”

ಹೋಗದಿದ್ದರೂ ಬೇಜಾರಿಲ್ಲವಂತೆ! ನನಗೆ ಹೆದರಿಕೆ ಇದೆ ಎಂದು ಗೊತ್ತಿದ್ದೂ ಆಕೆಗೆ ಕೇಳಲು ಬೇರೆ ಯಾರೂ ಇರಲಿಲ್ಲ. ಹೆಲ್ಮೆಟ್ಟು ಹಾಕಿಕೊಂಡೆ. ದಿನವೂ ಅದನ್ನು ನೋಡಿ ನಗುತ್ತಿದ್ದ ಅಪಾ ಅವತ್ತು ನನ್ನ ಗದ್ದದ ಕೆಳಗಿನ ಪಟ್ಟಿಯನ್ನು ತಾನೇ ಬಿಗಿದಳು.

ಬೆಟ್ಟದ ನೆತ್ತಿ

ಏರಿನಲ್ಲಿ ಹಿಮ ಹುಲ್ಲನ್ನು ಮುಚ್ಚಿತ್ತು. ಆ ಹುಲ್ಲಿನ ತುಂಬಾ ಹೆಗ್ಗಣದಂಥ ದೊಡ್ಡ ಪ್ರಾಣಿಯೊಂದು ತೋಡಿದ ಬಿಲಗಳಿವೆ, ಕುದುರೆಯ ಕಾಲು ಒಳಗೆ ಹೋದರೆ ಮುಗಿಯಿತು. ಬಕಿತನಿಗೆ ಆದದ್ದೂ ಅದೇ ಇರಬೇಕು ಎಂದು ಮನಸ್ಸು ಹೇಳಿದಷ್ಟೂ ನನ್ನ ಕೈ ಬಿಗಿಯುತ್ತಿತ್ತು. ಜೇರ್ದೆ ಎರಡು ಸಲ ಜಾರಿತು. ಮೂಗನ್ನು ನೆಲಕ್ಕೆ ಹಿಡಿದು ದಾರಿ ಮೂಸಲು ಅದಕ್ಕೆ ಕತ್ತು ಬೇಕು, ನಾನು ಕತ್ತನ್ನು ಬಿಡುತ್ತಿಲ್ಲ. ಮೂರನೆಯ ಸಲ ಹಿಂಗಾಲು ಜಾರಿ ನಾವಿಬ್ಬರೂ ಒಂದಷ್ಟು ದೂರ ಕೆಳಕ್ಕೆ ಸರಿದೆವು. “ಶೈಲಾ, ಮುಂಡೇದೆ, ಬಿಡೇ ಅದನ್ನ!” ಎಂದು ನಾನೇ ನನ್ನನ್ನು ಬೈದುಕೊಂಡು ಲಗಾಮನ್ನು ಉದ್ದ ಬಿಟ್ಟೆ. ಅದು ತಲೆ ಬಗ್ಗಿಸಿ, ಮೂಸಿ, ಒಂದೊಂದೇ ಹೆಜ್ಜೆ ಇಟ್ಟು ಹತ್ತಿತು. ನಾನು ಜೀನಿನ ಮುಂದಿನ ಕೊಂಬು ಹಿಡಿದು ಊರಿನ ದೇವರನ್ನೆಲ್ಲ ಕರೆದೆ.

ನೆತ್ತಿಯಲ್ಲಿ ಗಾಳಿ ಕಿವಿ ಕತ್ತರಿಸುತ್ತಿತ್ತು. ಆಚೆ ಇಳಿಜಾರಿನಲ್ಲಿ ಏನೂ ಇಲ್ಲ, ಬರೀ ಬಿಳುಪು. ಬಹಳ ಹೊತ್ತು ನಿಂತೆ. ಹೋಗಿ ಆ ಇಬ್ಬರು ಹೆಂಗಸರಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದಾಗ ಜೇರ್ದೆ ಕಿವಿ ನೆಟ್ಟಗೆ ಮಾಡಿ ಕೆನೆಯಿತು. ಕೆಳಗಿನಿಂದ ಇನ್ನೊಂದು ಕೆನೆತ ಬಂತು. ಬಂಡೆಯ ಮರೆಯಿಂದ ಒಂದೊಂದಾಗಿ ಕುದುರೆಗಳು ಹೊರಬಂದವು, ಅವುಗಳ ಹಿಂದೆ ಎರಡು ಕುದುರೆಯ ಮೇಲೆ ಮೂರು ಜನ. ಬಕಿತ್ ಒಬ್ಬನ ಬೆನ್ನ ಹಿಂದೆ ಕೂತಿದ್ದ. ಪಾದಕ್ಕೆ ಶಾಲು ಸುತ್ತಿತ್ತು. ತುಟಿ ನೀಲಿಯಾಗಿತ್ತು. ಆದರೆ ನನ್ನ ಹೆಲ್ಮೆಟ್ಟು ನೋಡಿದ್ದೇ ನಕ್ಕ. ಬದುಕಿದ್ದ ಕಣ್ರೀ, ಬದುಕಿದ್ದ! ನಾನು ಜೋರಾಗಿ ಅತ್ತುಬಿಟ್ಟೆ.

ಅವನಿಗೆ ನನ್ನ ಭಾಷೆ ಬಾರದು. ಪಾದ ತೋರಿಸಿ ಮುರಿದಂತೆ ಸನ್ನೆ ಮಾಡಿದ, ಆಮೇಲೆ ಎದೆ ಮುಟ್ಟಿಕೊಂಡು ‘ಜಕ್ಷಿ’ ಎಂದ. ಚೆನ್ನಾಗಿದ್ದೇನೆ ಎಂದರ್ಥ, ಅಷ್ಟು ನಾನು ಕಲಿತಿದ್ದೆ. ಕಣಿವೆಯ ಕಡೆ ಬೆರಳು ಮಾಡಿ “ಅಪಾ” ಎಂದ. ಅಮ್ಮನಿಗೆ ಹೇಳು, ಅಷ್ಟೇ. ಅವರು ನೋವಿನ ಕಾಲು ಇಟ್ಟುಕೊಂಡು ಮೆಲ್ಲಗೆ ಬರಬೇಕಿತ್ತು.

ಹಿಮವಿದ್ದ ಇಳಿಜಾರನ್ನು ಎಚ್ಚರದಿಂದಲೇ ಇಳಿದೆ. ಹಸಿರು ಹುಲ್ಲು ಶುರುವಾದ ಕಡೆ ಜೇರ್ದೆಗೆ ತನ್ನ ಗುಡಾರ ಕಂಡಿತು, ಕತ್ತು ಚಾಚಿತು. ಅದೇ, ನಾನು ಒಂದು ವರ್ಷದಿಂದ ಹೆದರುತ್ತಿದ್ದ ಚಾಚು. ಬೆರಳು ಬಿಗಿಯಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಅಪಾ ಒಬ್ಬಳೇ, ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ಅಪಾ. ಬಿಟ್ಟುಕೊಟ್ಟೆ. ಕುದುರೆ ಹಾರಿತು.

ಅಯ್ಯೋ, ಆ ಓಟ! ಕಿವಿಯಲ್ಲಿ ಗಾಳಿ, ಕೆಳಗೆ ನಾಲ್ಕು ಗೊರಸಿನ ಸದ್ದು ಒಂದೇ ಆಗಿಹೋಗಿತ್ತು, ನನ್ನ ಸೊಂಟ ಅದರ ಜೊತೆಗೆ ಹಳೆಯ ಹಾಗೆಯೇ ತೂಗುತ್ತಿತ್ತು. ನಾನು ಓಡಿಸುತ್ತಿದ್ದೇನೆ ಎಂಬುದು ಅರಿವಿಗೆ ಬಂದದ್ದು ಅರ್ಧ ಬಯಲು ದಾಟಿದ ಮೇಲೆ. ಆಗ ನಗು ಬಂತು, ಕೂಗು ಬಂತು. ತೊರೆ ಬಂತು, ನೀರು ಚಿಮ್ಮಿಸಿಕೊಂಡು ದಾಟಿದೆ. ಕೊನೆಯ ಫರ್ಲಾಂಗು ನಡೆಸಬೇಕು ಎಂಬುದು ನೆನಪಿತ್ತು. ಒಂದು ದಿನ ನಡೆಸದಿದ್ದರೆ ಕುದುರೆಗೇನೂ ಆಗದು, ಒಳ್ಳೆಯ ಸುದ್ದಿ ತಡವಾಗಬಾರದು ಎಂದುಕೊಂಡು ಓಡಿಸಿಕೊಂಡೇ ಹೋದೆ. ಕತ್ತಿನ ಶಾಲು ಬಿಚ್ಚಿ ತಲೆಯ ಮೇಲೆ ಬೀಸುತ್ತಾ, ಗಂಟಲು ಹರಿಯುವಂತೆ ಕೂಗಿದೆ: “ಬಕಿತ್! ಬಕಿತ್!”

ಗುಡಾರದ ಮುಂದೆ

ಅಪಾ ಹಾಲಿನ ಬಕೆಟ್ಟು ಹಿಡಿದು ನಿಂತಿದ್ದಳು. ನನ್ನನ್ನು ನೋಡಿದಳು. ಬಕೆಟ್ಟು ಕೈಯಿಂದ ಬಿತ್ತು. ಆಕೆ ತಲೆಯ ವಸ್ತ್ರವನ್ನು ಕಿತ್ತೆಸೆದು, ನೆಲಕ್ಕೆ ಕುಸಿದು, ಎರಡೂ ಕೈಯಲ್ಲಿ ತೊಡೆ ಬಡಿದುಕೊಳ್ಳುತ್ತಾ ಒಂದು ಕೂಗು ಹಾಕಿದಳು. ಅಂಥ ಕೂಗನ್ನು ನಾನು ಸಾವಿನ ಮನೆಯಲ್ಲಿ ಮಾತ್ರ ಕೇಳಿದ್ದೆ.

ನಾನು ಕುದುರೆ ನಿಲ್ಲಿಸಿ ಧುಮುಕಿದೆ. ಏನಾಯಿತು ಈಕೆಗೆ? ನಗುತ್ತಾ ಬಂದಿದ್ದೇನೆ, ಮಗನ ಹೆಸರು ಕೂಗಿದ್ದೇನೆ! ಹತ್ತಿರ ಹೋದರೆ ಆಕೆ ನನ್ನ ಕೈ ತಳ್ಳಿದಳು. ಕಲಿತ ಒಂದೇ ಒಂದು ಮಾತು ಬಾಯಿಗೆ ಬರಲಿಲ್ಲ. ಐಜದಾ ಬಾಗಿಲ ಚೌಕಟ್ಟು ಹಿಡಿದು ಜಾರುತ್ತಿದ್ದಳು, ಮುಖ ಸುಣ್ಣವಾಗಿತ್ತು, ಒಂದು ಕೈ ಹೊಟ್ಟೆಯ ಮೇಲೆ.

“ಎಲ್ಲಿ?” ಎಂದಳು. “ಹೆಣ ಎಲ್ಲಿ?”

“ಹೆಣ ಅಲ್ಲ! ಬದುಕಿದ್ದಾನೆ! ಕಾಲು, ಕಾಲು ಮಾತ್ರ! ಬರ್ತಿದ್ದಾನೆ, ನಗ್ತಿದ್ದಾನೆ!” ಕನ್ನಡವೋ ಇಂಗ್ಲಿಷೋ ಏನು ಹೇಳಿದೆನೋ ಗೊತ್ತಿಲ್ಲ. ಕುಂಟಿ ತೋರಿಸಿದೆ. ಕೊನೆಗೆ ‘ಜಕ್ಷಿ’ ನೆನಪಾಗಿ ಅದನ್ನೇ ಹತ್ತು ಸಲ ಒದರಿದೆ.

ಐಜದಾ ಅತ್ತೆಯ ಭುಜ ಹಿಡಿದು ಅಲುಗಿಸಿ ಅವರ ಭಾಷೆಯಲ್ಲಿ ಹೇಳಿದಳು. ಅಪಾಗೆ ಕೇಳಲು ಸ್ವಲ್ಪ ಹೊತ್ತೇ ಬೇಕಾಯಿತು. ಆಮೇಲೆ ಎದ್ದಳು. ನನ್ನ ಹತ್ತಿರ ಬಂದು ಬೆನ್ನಿಗೆ ಫಟ್ ಫಟ್ ಎಂದು ಎರಡು ಬಾರಿಸಿದಳು. ನಮ್ಮಮ್ಮ ಕೂಡ ಅಷ್ಟು ಜೋರಾಗಿ ಹೊಡೆದಿರಲಿಲ್ಲ. ಹೊಡೆದು, ಜೇರ್ದೆಯ ಬೆವರಿನ ಕತ್ತಿಗೆ ಮುಖ ಇಟ್ಟು ಅತ್ತಳು.

ಐಜದಾ ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಹೇಳಿದಳು. ಅವರಲ್ಲಿ ಗುಡಾರಕ್ಕೆ ಯಾರೂ ಕುದುರೆ ಓಡಿಸಿಕೊಂಡು ಬರುವುದಿಲ್ಲ. ಯಾರು ಬಂದರೂ, ಎಷ್ಟೇ ಅವಸರವಿದ್ದರೂ, ದೂರದಿಂದಲೇ ನಡಿಗೆಗೆ ಇಳಿಸಬೇಕು. ಓಡಿಸಿಕೊಂಡು, ಸತ್ತವನನ್ನು ಕೂಗಿ ಕರೆಯುತ್ತಾ ಬರುವುದು ಸಾವಿಗೆ ಮಾತ್ರ. “ಮಾವನ ಸುದ್ದಿಯನ್ನೂ ಇದೇ ತೊರೆ ದಾಟಿ ಹಾಗೇ ತಂದಿದ್ದರಂತೆ. ಅತ್ತೆ ಆಗಲೂ ಹಾಲು ಕರೆಯುತ್ತಿದ್ದರು.”

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಒಂದು ವರ್ಷ ಹುಡುಕಿದ್ದು ಸಿಕ್ಕಿದೆ, ಮೈಯೆಲ್ಲ ಇನ್ನೂ ಆ ಓಟದಲ್ಲಿ ನಡುಗುತ್ತಿದೆ, ಖುಷಿ ಉಕ್ಕುತ್ತಿದೆ. ಆದರೆ ಒಬ್ಬ ತಾಯಿಯ ಜೀವ ಹಿಂಡಿ ಸಿಕ್ಕ ಖುಷಿ ಅದು. ಎದುರಿಗೆ ನಗುವ ಹಾಗೂ ಇಲ್ಲ, ಅಳುವ ಹಾಗೂ ಇಲ್ಲ. ಚೆಲ್ಲಿದ ಹಾಲಿನ ಬಕೆಟ್ಟು ಎತ್ತಿಕೊಂಡು ಹೋಗಿ ತೊರೆಯಲ್ಲಿ ತೊಳೆದೆ.

ಅವರು ಬಂದಾಗ ನೋಡಬೇಕಿತ್ತು. ತೊರೆ ದಾಟಿದ ಮೇಲೆ ಹಿಂಡಿನ ಕುದುರೆಗಳನ್ನೂ ನಡಿಗೆಗೆ ಇಳಿಸಿ, ಮೆರವಣಿಗೆಯಂತೆ ಬಂದರು. ಅಪಾ ಓಡಿ ಹೋಗಲಿಲ್ಲ. ತಲೆಗೆ ಬೇರೆ ವಸ್ತ್ರ ಕಟ್ಟಿಕೊಂಡು, ಬಾಗಿಲ ಮುಂದೆ ನಿಂತು, ಅವನನ್ನು ಇಳಿಸುವವರೆಗೆ ಕಾದು, ಅವನ ಕಿವಿ ಹಿಡಿದು ಎಳೆದು ಹಣೆಗೆ ಮುತ್ತಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ ಏನೋ ಹೇಳಿದಳು. ಎಲ್ಲರೂ ನಕ್ಕರು.

“ಹೊಡೆದದ್ದು ನೋವಾಯ್ತಾ ಅಂತಿದ್ದಾರೆ” ಎಂದಳು ಐಜದಾ. “ನೀವು ಚೆನ್ನಾಗಿ ಓಡಿಸ್ತೀರಂತೆ. ಆದರೆ ನಮ್ಮ ಮನೆಗೆ ಬೇಡವಂತೆ.”

ಸಿಗ್ನಲ್ ಸಿಗುವ ದಿಬ್ಬ

ಮರುದಿನ ಬಕಿತನನ್ನು ಊರಿನ ಆಸ್ಪತ್ರೆಗೆ ಕಳಿಸಿ, ನಾನು ಫೋನು ಹಿಡಿದುಕೊಂಡು ದಿಬ್ಬ ಹತ್ತಿದೆ. ಆ ಬಯಲಿಗೆಲ್ಲ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ, ಅದೂ ಪೂರ್ವಕ್ಕೆ ಮುಖ ಮಾಡಿ ಅಲುಗಾಡದೆ ನಿಂತರೆ. ರೆಸಾರ್ಟಿನವರು ಬರುವ ವಾರ ಬಂದಿತ್ತು. ಅಮ್ಮನಿಗೆ ಹೇಳಲೇಬೇಕು.

ಫೋನು ರಿಂಗಾಗುವಾಗ ಕೂಗಿ ಹೇಳಿಬಿಡಬೇಕು ಎನಿಸಿತು. ಅಷ್ಟರಲ್ಲಿ ಬೆನ್ನಿನ ಉರಿ ನೆನಪಾಯಿತು. ಬೇಡ, ಇನ್ನೊಬ್ಬ ಅಮ್ಮನ ಎದೆ ಒಡೆಯುವುದು ಬೇಡ. ವಿದೇಶದಲ್ಲಿರುವ ಮಗಳು, ಬಿದ್ದು ಎದ್ದವಳು, ಇದ್ದಕ್ಕಿದ್ದಂತೆ ಫೋನು ಮಾಡಿ ಕಿರುಚಿದರೆ ಏನಾದೀತು? ನಡೆಸಿಕೊಂಡೇ ಹೋಗೋಣ ಎಂದುಕೊಂಡೆ.

“ಅಮ್ಮಾ, ತಿಂಡಿ ಆಯ್ತಾ?” ಎಂದೆ ಮೆಲ್ಲಗೆ.

“ಆಯ್ತು.”

“ಏನ್ ತಿಂಡಿ?”

“ಉಪ್ಪಿಟ್ಟು.”

“ಅಣ್ಣ ಚೆನ್ನಾಗಿದಾನಾ? ಮಳೆ ಬಂತಾ? ಸಾವಿತ್ರಿ ಮೇವು ತಿಂತಿದಾಳಾ?”

ಅಮ್ಮ ಮಾತಾಡಲಿಲ್ಲ. ಲೈನು ಹೋಯಿತೇನೋ ಎಂದು ಫೋನು ನೋಡಿದೆ. ಹೋಗಿರಲಿಲ್ಲ. ಆಮೇಲೆ ಅವಳ ದನಿ ಬಂತು, ಇಷ್ಟೇ ಇಷ್ಟು.

“ಶೈಲಾ, ಎಲ್ ಬಿದ್ದೆ? ನಿಜ ಏಳ್ಬುಡವ್ವಾ. ಯಾವ ಆಸ್ಪತ್ರೆಲಿದ್ದೀಯ?”

ತಲೆ ಚಚ್ಚಿಕೊಂಡೆ. ನಾನು ನಮ್ಮ ಮನೆಯನ್ನೇ ಮರೆತಿದ್ದೆ! ಅಪ್ಪ ಹೋದ ಸುದ್ದಿ ತಂದ ಚಿಕ್ಕಪ್ಪ ಜಗಲಿಯ ಮೇಲೆ ಕೂತು, ನೀರು ಕೇಳಿ ಕುಡಿದು, ರಾಗಿ ಹೇಗಿದೆ, ಎಮ್ಮೆ ಈಯಿತಾ ಎಂದೆಲ್ಲ ವಿಚಾರಿಸಿ, ಅಮ್ಮನನ್ನು ಕೂತ್ಕೊ ಎಂದು ಹೇಳಿ, ಆಮೇಲೆ ಬಾಯಿಬಿಟ್ಟಿದ್ದ. ನಮ್ಮಲ್ಲಿ ಸಾವು ನಡೆದುಕೊಂಡೇ ಬರುತ್ತದೆ, ತಿಂಡಿ ಆಯ್ತಾ ಎಂದು ಕೇಳಿಕೊಂಡೇ ಬರುತ್ತದೆ. ಹುಟ್ಟಿದಾಗಿನಿಂದ ಒಮ್ಮೆಯೂ ಉಪ್ಪಿಟ್ಟು ವಿಚಾರಿಸದ ಮಗಳು ಮೆಲ್ಲಗೆ ಮಾತಾಡಿದರೆ ಆ ಜೀವ ಏನೆಂದುಕೊಳ್ಳಬೇಕು?

“ಬಿದ್ದಿಲ್ಲ ಕಣಮ್ಮಾ!” ಎಂದು ದಿಬ್ಬದ ಮೇಲಿನಿಂದ ಅರಚಿದೆ. “ಓಡಿಸ್ದೆ! ಕುದುರೆ ಓಡಿಸ್ದೆ! ನಾಗಾಲೋಟ ಕಣಮ್ಮಾ, ಬೆಟ್ಟದಿಂದ ಗುಡಾರದ ತನಕ! ಕೈ ಬಿಗೀಲೇ ಇಲ್ಲ!”

ಆಚೆ ಕಡೆ ಮೂಗು ಸೀಟಿದ ಸದ್ದು ಕೇಳಿಸಿತು.

“ಕಿವಿ ಕಿತ್ತೋಗಂಗೆ ಯಾಕ್ ಬಡ್ಕತೀಯ, ಕೇಳ್ತದೆ ನಂಗೆ” ಎಂದಳು ಅಮ್ಮ. ಅಳುತ್ತಿದ್ದಳು. ಸ್ವಲ್ಪ ತಡೆದು ದನಿ ತಗ್ಗಿಸಿದಳು. “ರೆಸಾರ್ಟ್‌ನೋರು ಬಂದವ್ರೆ. ಮುಂದ್ಗಡೆ ಕುರ್ಚಿ ಆಕಿ ಕೂರ್ಸಿವ್ನಿ. ಏನ್ ಏಳ್ಲಿ?”

“ಒಂದ್ ಕುದುರೆನೂ ಕೊಡಲ್ಲ ಅಂತ ಹೇಳು. ಈಗ್ಲೇ ಹೇಳು.”

“ಅಷ್ಟ್ ದೂರದಿಂದ ಬಂದವ್ರೆ, ಇಂಗೆ ಮುಖಕ್ಕೊಡ್ದಂಗೆ ಏಳಕ್ಕಾಯ್ತದೇನೇ?” ಎಂದಳು ಅಮ್ಮ. “ಇರು, ಮೊದ್ಲು ಕಾಪಿ ಕೊಡ್ತೀನಿ.”